ಜಪಾನಿನಲ್ಲಿ ಯಾರಿಗೆ ಯಾವ ಚಾಕೊಲೇಟ್? ಫೆಬ್ರುವರಿ 14ರಿಂದ ಮಾರ್ಚ್ 14ರವರೆಗಿನ ಆಯ್ಕೆಗಳು

ಜಪಾನಿನಲ್ಲಿ ಉಡುಗೊರೆಗೆಂದು ಚಾಕೊಲೇಟ್ ಕೊಳ್ಳುವಾಗ ರುಚಿಯ ಪ್ರಶ್ನೆ ಎರಡನೆಯದು. ಅದು ಯಾರ ಕೈಗೆ ಹೋಗುತ್ತದೆ ಎಂಬುದು ಮೊದಲು ತೀರ್ಮಾನವಾಗಬೇಕು. ಒಂದೇ ಅಂಗಡಿಯ ಎರಡು ಡಬ್ಬಿಗಳಲ್ಲಿ ರಿಬ್ಬನ್ ಕಟ್ಟಿದ್ದಕ್ಕೆ ಒಂದು ಅರ್ಥ ಬರುತ್ತದೆ, ಬರೀ ಕಾಗದ ಸುತ್ತಿದ್ದಕ್ಕೆ ಇನ್ನೊಂದು. ಫೆಬ್ರುವರಿ 14ರ ವ್ಯಾಲಂಟೈನ್ ದಿನ ಹೆಂಗಸರು ಗಂಡಸರಿಗೆ ಕೊಡುತ್ತಾರೆ, ಪಡೆದವರು ಮಾರ್ಚ್ 14ರಂದು ತಿರುಗಿ ಕೊಡುತ್ತಾರೆ. ನಮ್ಮ ಮದುವೆ ಮನೆಯ ಮುಯ್ಯಿಯ ಹಾಗೆ ಇಲ್ಲೂ ಬಂದದ್ದೆಷ್ಟು ಎಂಬುದು ನೆನಪಿನಲ್ಲಿ ಉಳಿಯುತ್ತದೆ, ಅದಕ್ಕೆ ತಕ್ಕಂತೆ ವಾಪಸು ಹೋಗಬೇಕಾಗುತ್ತದೆ. ಹಾಗಾಗಿ ಪ್ರೀತಿಯಿಂದಲೇ ಕೊಟ್ಟ ದುಬಾರಿ ಡಬ್ಬಿ ಸಹೋದ್ಯೋಗಿಯ ಪಾಲಿಗೆ ಒಂದು ತಿಂಗಳ ಚಿಂತೆಯಾಗಬಹುದು. ಕೆಳಗಿನ ಹೋಲಿಕೆಗಳೆಲ್ಲ ಒಂದೇ ಅಳತೆಯ ಮೇಲೆ ನಿಂತಿವೆ: ಪಡೆದವರು ಇದನ್ನು ನಿರಾಳವಾಗಿ ತಿಂದು, ನಿರಾಳವಾಗಿ ಮುಯ್ಯಿ ತೀರಿಸಬಲ್ಲರೇ?

ಈ ಪದ್ಧತಿಯನ್ನು ಬೆಳೆಸಿದ್ದು ಮಿಠಾಯಿ ಕಂಪನಿಗಳು. ಕೋಬೆಯ ಮೊರೊಜೊಫ್ 1936ರಲ್ಲಿ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ವ್ಯಾಲಂಟೈನ್ ಚಾಕೊಲೇಟಿನ ಜಾಹೀರಾತು ಕೊಟ್ಟಿತು. 1958ರಲ್ಲಿ ಮೇರಿ ಚಾಕೊಲೇಟ್ ಕಂಪನಿ ಟೋಕಿಯೊದ ಶಿಂಜುಕು ಇಸೆತಾನ್ ಅಂಗಡಿಯಲ್ಲಿ ವ್ಯಾಲಂಟೈನ್ ಮಾರಾಟ ಇಟ್ಟಾಗ ಹೋದದ್ದು ಬೆರಳೆಣಿಕೆಯಷ್ಟು. ಮಾರ್ಚ್ 14ರ ಬೇರು ಫುಕುಒಕಾದಲ್ಲಿದೆ. ಅಲ್ಲಿನ ಇಶಿಮುರ ಮನ್ಸೈದೊ ಎಂಬ ಮಿಠಾಯಿ ಅಂಗಡಿ 1970ರ ದಶಕದ ಕೊನೆಯಲ್ಲಿ ಮಾರ್ಷ್‌ಮೆಲೋ ಮಾರಲು ಆ ದಿನವನ್ನು ಹಿಡಿಯಿತು. ಮಿಠಾಯಿ ತಯಾರಕರ ಸಂಘಟನೆ ಅದನ್ನೇ ವೈಟ್ ಡೇ ಎಂದು ಕರೆದು 1980ರಲ್ಲಿ ದೇಶದ ಮಟ್ಟಕ್ಕೆ ತಂದಿತು.

ಆಫೀಸಿಗೆ: ಗಿರಿ ಚೊಕೊ

ಕರ್ತವ್ಯಕ್ಕಾಗಿ, ಮರ್ಯಾದೆಗಾಗಿ ಕೊಡುವುದು ಗಿರಿ ಚೊಕೊ. ಕೊಳ್ಳುವ ಮೊದಲು ಆಫೀಸಿನಲ್ಲಿ ಕೊಡುವ ರೂಢಿ ಇದೆಯೇ ಎಂದು ಅಲ್ಲಿ ಹಳಬರಾದ ಮಹಿಳಾ ಸಹೋದ್ಯೋಗಿಯನ್ನು ಕೇಳಿ. ಎಷ್ಟೋ ಕಂಪನಿಗಳು ಇದನ್ನು ನಿಲ್ಲಿಸಿವೆ. 2018ರ ಫೆಬ್ರುವರಿ 1ರಂದು ಗೊಡೈವಾ ಕಂಪನಿಯೇ ನಿಕ್ಕೇ ಪತ್ರಿಕೆಯಲ್ಲಿ ಇಡೀ ಪುಟದ ಜಾಹೀರಾತು ಕೊಟ್ಟು, ಗಿರಿ ಚೊಕೊ ಬಿಡೋಣ ಎಂದಿತು. ಚಾಕೊಲೇಟ್ ಮಾರುವವರೇ ಹಾಗೆ ಹೇಳಬೇಕಾಯಿತೆಂದರೆ ಈ ಕರ್ತವ್ಯ ಎಷ್ಟು ಭಾರವಾಗಿತ್ತು ಎಂದು ತಿಳಿಯುತ್ತದೆ. ರೂಢಿ ಇಲ್ಲದ ಕಡೆ ಒಬ್ಬರೇ ಹೊಸದಾಗಿ ಶುರು ಮಾಡಿದರೆ ಮುಂದಿನ ವರ್ಷ ಎಲ್ಲರೂ ಅದಕ್ಕೆ ಕಟ್ಟುಬೀಳುತ್ತಾರೆ. ಅಂಥ ಕಡೆ ಕೊಡದಿರುವುದೇ ಉಪಕಾರ.

ರೂಢಿ ಇದ್ದರೆ ಮುಂದೆ ಮೂರು ದಾರಿಗಳಿವೆ.

ಮೊದಲನೆಯದು ಕೊಂಬಿನಿಯಲ್ಲಿ, ಅಂದರೆ ಹಗಲಿರುಳು ತೆರೆದಿರುವ ಮೂಲೆ ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ಬ್ಲ್ಯಾಕ್ ಥಂಡರ್, ತಿರೋಲ್ ಚೊಕೊ, ಮಿನಿ ಕಿಟ್‌ಕ್ಯಾಟ್. ತಲೆಗೆ 100 ಯೆನ್ನಿನೊಳಗೆ ಮುಗಿಯುತ್ತದೆ. ಯುರಾಕು ಸೇಕಾ ಕಂಪನಿಯ ಬ್ಲ್ಯಾಕ್ ಥಂಡರ್ ತನ್ನನ್ನು ನೋಡಿದ ಕೂಡಲೇ ಗಿರಿ ಎಂದು ಗೊತ್ತಾಗುವ ಚಾಕೊಲೇಟ್ ಎಂದೇ ಜಾಹೀರು ಮಾಡಿಕೊಂಡಿತ್ತು. ತಪ್ಪು ಅರ್ಥಕ್ಕೆ ಅವಕಾಶವೇ ಇಲ್ಲದಿರುವುದು ಅದರ ದೊಡ್ಡ ಗುಣ. ವಯಸ್ಸಿನಲ್ಲಿ ಸಮಾನರಾದವರಿಗೆ, ಜತೆಯಲ್ಲಿ ಊಟ ಮಾಡುವವರಿಗೆ ಇದು ಸಾಕು. ವಿಭಾಗದ ಮುಖ್ಯಸ್ಥರ ಮೇಜಿನ ಮೇಲೆ ಮಾತ್ರ ಹಗುರವಾಗಿ ಕಾಣುತ್ತದೆ.

ಎರಡನೆಯದು ಒಂದೊಂದು ತುಂಡನ್ನೂ ಬೇರೆ ಕಾಗದದಲ್ಲಿ ಸುತ್ತಿರುವ ದೊಡ್ಡ ಡಬ್ಬಿ. ಹಲವರು ಹಣ ಕೂಡಿಸಿ ಹೀಗೆ ಒಂದು ಡಬ್ಬಿ ತಂದು, ಎಲ್ಲರೂ ಟೀ ಕುಡಿಯುವ ಜಾಗದಲ್ಲಿ ಚಿಕ್ಕ ಚೀಟಿಯ ಜೊತೆ ಇಡುತ್ತಾರೆ. ನಮ್ಮ ಮಟ್ಟಿಗೆ ಆಫೀಸಿಗೆ ಇದೇ ಅತ್ಯುತ್ತಮ. ಯಾರಿಗೆ ಎಷ್ಟು ಎಂಬ ಹೋಲಿಕೆ ಏಳುವುದಿಲ್ಲ, ತಿರುಗಿ ಕೊಡುವವರೂ ಒಂದು ಕುಕಿ ಡಬ್ಬಿ ತಂದಿಟ್ಟರೆ ಲೆಕ್ಕ ಮುಗಿಯಿತು. ಬಿಡಿ ಸುತ್ತು ಮಾತ್ರ ಇರಲೇಬೇಕು. ಬರಿಗೈ ಹಾಕಿ ತೆಗೆಯುವ ತೆರೆದ ತಟ್ಟೆಯಿಂದ ಜನ ತೆಗೆದುಕೊಳ್ಳಲು ಹಿಂಜರಿಯುತ್ತಾರೆ. ಆಮೇಲೆ ತಿನ್ನುವೆನೆಂದು ಡ್ರಾಯರಿನಲ್ಲಿ ಇಟ್ಟುಕೊಳ್ಳಲೂ ಆಗುವುದಿಲ್ಲ. ತಲೆ ಎಣಿಸಿ, ಎರಡು ಮೂರು ಹೆಚ್ಚೇ ತನ್ನಿ. ಹೊರಗಿನ ಕೆಲಸಕ್ಕೆ ಹೋದವರು ಸಂಜೆ ಬಂದಾಗ ಡಬ್ಬಿ ಖಾಲಿಯಾಗಿರಬಾರದು.

ಮೂರನೆಯದು ಹೆಸರುಳ್ಳ ಅಂಗಡಿಯ 3ರಿಂದ 6 ತುಂಡಿನ ಪುಟ್ಟ ಡಬ್ಬಿ, 500ರಿಂದ 1000 ಯೆನ್. ಮೇಲಧಿಕಾರಿಗೆ, ಗ್ರಾಹಕರಿಗೆ, ವರ್ಷವಿಡೀ ನೆರವಾದ ಹಿರಿಯರಿಗೆ ಇದು ಸರಿಯಾದ ತೂಕ. 1000 ದಾಟಿದರೆ ಎದುರಿನವರು ಗಿರಿಯೋ ಬೇರೆಯೋ ಎಂದು ಯೋಚಿಸತೊಡಗುತ್ತಾರೆ. ಹೃದಯದ ಆಕಾರ, ಕೆಂಪು ರಿಬ್ಬನ್, ಕೈಬರಹದ ಉದ್ದ ಕಾಗದ ಮೂರೂ ಬೇಡ. ಒಂದೇ ಹುದ್ದೆಯವರಿಗೆಲ್ಲ ಒಂದೇ ಡಬ್ಬಿ ಕೊಡಿ, ಏಕೆಂದರೆ ಬೆಲೆ ಯಾರಿಗೂ ಗುಟ್ಟಲ್ಲ.

ಫೆಬ್ರುವರಿ 14 ಶನಿವಾರ ಅಥವಾ ಭಾನುವಾರ ಬಿದ್ದರೆ ಶುಕ್ರವಾರವೇ ಕೊಟ್ಟುಬಿಡುತ್ತಾರೆ. ಸೋಮವಾರಕ್ಕೆ ಮುಂದೂಡಿದರೆ ನೆನಪಾಗಿ ಕೊಟ್ಟಂತೆ ಕಾಣುತ್ತದೆ. ಫೆಬ್ರುವರಿ 11 ಸರ್ಕಾರಿ ರಜೆ. ಕೊನೆಗಳಿಗೆಯ ಖರೀದಿಗೆ ಆ ದಿನ ಒದಗುತ್ತದೆ, ಅಂಗಡಿಗಳ ನೂಕುನುಗ್ಗಲೂ ಆ ದಿನವೇ.

ಗೆಳತಿಯರಿಗೆ ಮತ್ತು ತನಗೇ

ಗೆಳತಿಯರು ಪರಸ್ಪರ ಕೊಡುವುದು ತೊಮೊ ಚೊಕೊ. ಶಾಲೆಯ ಹುಡುಗಿಯರು ಮನೆಯಲ್ಲೇ ಮಾಡಿ ಪುಟ್ಟ ಚೀಲಗಳಲ್ಲಿ ಹಂಚುತ್ತಾರೆ. ಜಪಾನಿನಲ್ಲಿ ಮಗಳು ಓದುತ್ತಿದ್ದರೆ ಮೊದಲು ಶಾಲೆಯ ನಿಯಮ ನೋಡಿ. ಹಲವು ಶಾಲೆಗಳು ತಿಂಡಿ ತರುವುದನ್ನೇ ಒಪ್ಪುವುದಿಲ್ಲ, ಆಗ ಮಕ್ಕಳು ಶಾಲೆ ಬಿಟ್ಟ ಮೇಲೆ ಹಂಚಿಕೊಳ್ಳುತ್ತಾರೆ. ಗಂಡಸು ಹೆಂಗಸಿಗೆ ಕೊಟ್ಟರೆ ಅದು ಗ್ಯಾಕು ಚೊಕೊ, ಅಂದರೆ ತಿರುವುಮುರುವು. ಅದನ್ನು ಈಗ ಯಾರೂ ವಿಚಿತ್ರವಾಗಿ ನೋಡುವುದಿಲ್ಲ.

ತನಗೇ ಕೊಂಡುಕೊಳ್ಳುವ ಜಿಬುನ್ ಚೊಕೊ ಈ ಹಬ್ಬದ ಅತಿ ಸಂತೋಷದ ಭಾಗ. ಮುಯ್ಯಿಯ ಲೆಕ್ಕ ಇಲ್ಲಿಲ್ಲ, ಹಾಗಾಗಿ ರುಚಿಯೇ ಮೊದಲ ಪ್ರಶ್ನೆ. ಜನವರಿ ಕೊನೆಯಿಂದ ದೊಡ್ಡ ಡಿಪಾರ್ಟ್‌ಮೆಂಟ್ ಅಂಗಡಿಗಳು ಒಂದಿಡೀ ಮಹಡಿಯನ್ನು ಚಾಕೊಲೇಟಿಗೆ ಬಿಟ್ಟುಕೊಡುತ್ತವೆ. ಟೋಕಿಯೊದಲ್ಲಿ 2003ರಿಂದ ನಡೆಯುತ್ತಿರುವ ಸಲೋನ್ ದ್ಯು ಶೊಕೊಲಾ, ನಾಗೊಯಾದ ಜೆಆರ್ ತಕಾಶಿಮಾಯ ಅಂಗಡಿಯ ಅಮೂರ್ ದ್ಯು ಶೊಕೊಲಾ ಇಂಥ ಮೇಳಗಳಲ್ಲಿ ಹೆಸರಾದವು. ಕೋಕೊ ಬೀಜದಿಂದ ಹಲಗೆಯವರೆಗೆ, ಅಂದರೆ ಚಾಕೊಲೇಟ್ ಬಾರಿನವರೆಗೆ, ತಾವೇ ಮಾಡುವವರ ಕೆಲಸ ನೋಡಬೇಕೆಂದರೆ ಶಿಬುಯದ ತೊಮಿಗಾಯಾದಲ್ಲಿ 2014ರಲ್ಲಿ ಶುರುವಾದ ಮಿನಿಮಲ್, 2016ರಲ್ಲಿ ಕುರಾಮಾಯೆಯಲ್ಲಿ ತೆರೆದ ಡ್ಯಾಂಡಿಲಯನ್ ಅಂಗಡಿಗೆ ಹೋಗಿ. ಮಿನಿಮಲ್ ಕೋಕೊ ಬೀಜವನ್ನು ತರಿತರಿಯಾಗಿ ಅರೆಯುತ್ತದೆ, ಹಲ್ಲಿಗೆ ಸಿಕ್ಕಿದಾಗ ಬೀಜದ ಹುಳಿ ಎದ್ದು ಬರುತ್ತದೆ. ನುಣ್ಣನೆಯ ಹಾಲಿನ ಚಾಕೊಲೇಟಿಗೆ ಒಗ್ಗಿದ ನಾಲಿಗೆಗೆ ಮೊದಲ ಸಲ ಅದು ಒರಟೆನಿಸಬಹುದು. ಹೆಸರಾಂತ ಡಬ್ಬಿಯೇ ಬೇಕೆಂಬ ಹಟ ಇಲ್ಲದವರು ಫೆಬ್ರುವರಿ 15ರ ಬೆಳಿಗ್ಗೆ ಸೂಪರ್‌ಮಾರ್ಕೆಟಿಗೆ ಹೋದರೆ ಉಳಿದ ಸರಕು ಕಡಿಮೆ ಬೆಲೆಗೆ ಸಿಗುತ್ತದೆ.

ಹೊನ್ಮೇ ಚೊಕೊ: ಕೊಂಡದ್ದೋ, ಕೈಯಿಂದ ಮಾಡಿದ್ದೋ

ಮನಸ್ಸಿನಲ್ಲಿರುವ ಒಬ್ಬರಿಗೇ ಕೊಡುವುದು ಹೊನ್ಮೇ. ಕೊಂಡು ಕೊಡುವುದಾದರೆ 2000ದಿಂದ 5000 ಯೆನ್ನಿನ ಡಬ್ಬಿ, ರಿಬ್ಬನ್, ನಾಲ್ಕು ಸಾಲಿನ ಕೈಬರಹ. ಕೈಯಿಂದ ಮಾಡಿದ್ದಕ್ಕೆ ಬೆಲೆ ಕಟ್ಟುವವರಿಲ್ಲ, ಆದರೆ ಅದು ಕೊಡುವ ಸೂಚನೆ ಬಲು ಗಟ್ಟಿ. ಇನ್ನೂ ಪರಿಚಯ ಬಲಿಯದವರಿಗೆ ಮನೆಯ ತಿಂಡಿ ಕೊಟ್ಟರೆ ಮುಜುಗರ. ಮನೆಯಲ್ಲಿ ಮಾಡಿದ್ದನ್ನು ತಿನ್ನಲು ಸಂಕೋಚಪಡುವವರೂ ಇದ್ದಾರೆ. ಈಗಾಗಲೇ ಒಡನಾಟ ಇರುವವರಿಗೆ ಕೈಯದು, ಮೊದಲ ಸಲ ಮನಸ್ಸು ತಿಳಿಸುವವರಿಗೆ ಅಂಗಡಿಯದು ಎಂಬುದು ನಮ್ಮ ಸಲಹೆ.

ಎರಡಕ್ಕೂ ಒಪ್ಪುವುದು ನಾಮ ಚೊಕೊ. ಬಿಸಿ ಕ್ರೀಮು ಮತ್ತು ಚಾಕೊಲೇಟ್ ಕೂಡಿಸಿ, ಚೌಕವಾಗಿ ಕೊಯ್ದು, ಕೋಕೊ ಪುಡಿ ಉದುರಿಸಿದ ಮೃದುವಾದ ತುಂಡು. ಇದು ಈ ರೂಪದಲ್ಲಿ ಹುಟ್ಟಿದ್ದು 1988ರಲ್ಲಿ, ಕನಗಾವಾದ ಹಿರತ್ಸುಕಾ ಊರಿನ ಸಿಲ್ಸ್‌ಮರಿಯಾ ಅಂಗಡಿಯಲ್ಲಿ. ಸಪ್ಪೊರೊದ ರಾಯ್ಸ್ ಕಂಪನಿ ಇದನ್ನು ದೇಶದ ತುಂಬ, ಹೊರದೇಶಕ್ಕೂ ಒಯ್ದಿತು. ಡಬ್ಬಿಯ ಮೇಲೆ ನಾಮ ಎಂದು ಬರೆಯಲು ಉದ್ಯಮದ ನಿಯಮವಿದೆ: ಚಾಕೊಲೇಟ್ 60 ಶೇಕಡ, ಕ್ರೀಮು 10 ಶೇಕಡ, ತೇವಾಂಶ 10 ಶೇಕಡ, ಪ್ರತಿಯೊಂದೂ ಕನಿಷ್ಠ ಅಷ್ಟಿರಬೇಕು. ತೇವ ಇರುವುದರಿಂದಲೇ ಇದು ಬೇಗ ಕೆಡುತ್ತದೆ. ರಾಯ್ಸ್ ಡಬ್ಬಿಯಲ್ಲಿ 20 ತುಂಡು, ಬೆಲೆ ಸುಮಾರು 1000 ಯೆನ್, 10 ಡಿಗ್ರಿಗಿಂತ ತಣ್ಣಗೆ ಇಡಬೇಕು. ರುಚಿಗೆ ಹೋಲಿಸಿದರೆ ಬೆಲೆ ಕಡಿಮೆ, ಹಾಗಾಗಿ ಪಡೆದವರ ಮೇಲೆ ಹೊರೆಯೂ ಕಡಿಮೆ.

ಮನೆಯಲ್ಲಿ ಮಾಡುವುದಾದರೆ 50 ಗ್ರಾಮಿನ ನಾಲ್ಕು ಹಲಗೆ, ಒಟ್ಟು 200 ಗ್ರಾಂ. ಕಪ್ಪು ಚಾಕೊಲೇಟಿಗೆ 100 ಮಿ.ಲೀ. ಕ್ರೀಮು, ಹಾಲಿನ ಚಾಕೊಲೇಟಿಗೆ 80 ಮಿ.ಲೀ. ಹಾಲಿನದರಲ್ಲಿ ಕೋಕೊ ಅಂಶ ಕಡಿಮೆ, ಅಷ್ಟೇ ಕ್ರೀಮು ಹಾಕಿದರೆ ಗಟ್ಟಿಯಾಗದು. ಕ್ರೀಮಿನ ಕೊಬ್ಬು 35 ಶೇಕಡ ಅಥವಾ ಅದಕ್ಕಿಂತ ಹೆಚ್ಚಿರಲಿ. ಅಂಗಡಿಯ ಅದೇ ಕಪಾಟಿನಲ್ಲಿ ಅದೇ ಆಕಾರದ ಡಬ್ಬಿಯಲ್ಲಿ ಸಸ್ಯಜನ್ಯ ಎಣ್ಣೆಯ ಹೊಯಿಪ್ಪು ಕೂಡ ಇರುತ್ತದೆ. ಬೆಲೆ ನೋಡಿ ಅದನ್ನು ತಂದರೆ ರುಚಿ ತೆಳುವಾಗುತ್ತದೆ, ಒಡೆಯುವ ಸಂಭವವೂ ಹೆಚ್ಚು.

ಚಾಕೊಲೇಟನ್ನು ಸಣ್ಣಗೆ ಹೆಚ್ಚಿ. ಕ್ರೀಮನ್ನು ಅಂಚಿನಲ್ಲಿ ಗುಳ್ಳೆ ಏಳುವವರೆಗೆ ಮಾತ್ರ ಬಿಸಿ ಮಾಡಿ, ಉಕ್ಕಿಸಬೇಡಿ. ಸುರಿದು ಒಂದು ನಿಮಿಷ ಸುಮ್ಮನೆ ಬಿಡಿ, ಆಮೇಲೆ ನಡುವಿನಿಂದ ಹೊರಕ್ಕೆ ನಿಧಾನವಾಗಿ ಕಲಸಿ. ರಭಸದಿಂದ ಕಡೆದರೆ ಗಾಳಿ ಸೇರಿ ಮೈ ತೂತುತೂತಾಗುತ್ತದೆ. ಹೊಳಪು ಬಂದರೆ ಸರಿಹೋಗಿದೆ. ಮೇಲೆ ಎಣ್ಣೆ ತೇಲಿ, ಕೆಳಗೆ ಮುದ್ದೆಗಟ್ಟಿದರೆ ಒಡೆದಿದೆ. ಕಾಯಿಸಿದ್ದು ಹೆಚ್ಚಾದರೆ ಅಥವಾ ಕೊಬ್ಬಿಗೆ ತಕ್ಕಷ್ಟು ನೀರಿನಂಶ ಇಲ್ಲದಿದ್ದರೆ ಹೀಗಾಗುತ್ತದೆ. ಬೆಚ್ಚಗಿನ ಹಾಲನ್ನು ಒಂದೊಂದೇ ಚಮಚ ಹಾಕಿ ಕಲಸಿದರೆ ಬಹಳ ಸಲ ಮತ್ತೆ ಕೂಡಿಕೊಳ್ಳುತ್ತದೆ. 14-15 ಸೆಂ.ಮೀ. ಚೌಕದ ತಟ್ಟೆಗೆ ಕಾಗದ ಹಾಸಿ ಸುರಿದರೆ ಒಂದು ಸೆಂಟಿಮೀಟರಿಗಿಂತ ತುಸು ದಪ್ಪ ಬರುತ್ತದೆ. ಫ್ರಿಜ್ಜಿನಲ್ಲಿ ಎರಡು ಮೂರು ಗಂಟೆ ಇಟ್ಟು, ಬಿಸಿನೀರಿನಲ್ಲಿ ಅದ್ದಿ ಒರೆಸಿದ ಚಾಕುವಿನಿಂದ ಕೊಯ್ಯಿರಿ. ಚಾಕು ತೇವವಾಗಿದ್ದರೆ ಕೋಕೊ ಪುಡಿ ಕಪ್ಪಗೆ ಅಂಟಿಕೊಳ್ಳುತ್ತದೆ.

ಎರಡು ಮೂರು ದಿನದೊಳಗೆ ತಿನ್ನಬೇಕು, ಆದ್ದರಿಂದ 13ರ ಸಂಜೆ ಮಾಡುವುದು ಒಳ್ಳೆಯದು. ಕೋಕೊ ಬೆಣ್ಣೆ ಸುತ್ತಲಿನ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ನಮ್ಮ ಮನೆಗಳ ಫ್ರಿಜ್ಜಿನಲ್ಲಿ ದೋಸೆ ಹಿಟ್ಟು, ಸಾರು, ಹೆಚ್ಚಿದ ಈರುಳ್ಳಿ ಇರುವುದರಿಂದ ಗಾಳಿಯಾಡದ ಡಬ್ಬಿ ತಪ್ಪದೆ ಬೇಕು.

ಡಬ್ಬಿ ಓದುವುದು: ಮೊಟ್ಟೆ, ಮದ್ಯ, ಜೆಲಟಿನ್

ನಮ್ಮಲ್ಲಿರುವ ಹಸಿರು ಚುಕ್ಕೆ, ಕಂದು ಗುರುತು ಜಪಾನಿನ ಪೊಟ್ಟಣಗಳಲ್ಲಿಲ್ಲ. ಅಲರ್ಜಿಯ ಪಟ್ಟಿಯಿಂದಲೇ ತಿಳಿಯಬೇಕು. ಮೊಟ್ಟೆ, ಹಾಲು, ಗೋಧಿ, ಸೊಬಾ (ಬಕ್‌ವೀಟ್) ಧಾನ್ಯ, ಕಡಲೆಕಾಯಿ, ಅಕ್ರೋಟು, ಸೀಗಡಿ, ಏಡಿ, ಇವುಗಳನ್ನು ನಮೂದಿಸುವುದು ಕಡ್ಡಾಯ. ಜೆಲಟಿನ್ ಕಡ್ಡಾಯದ ಪಟ್ಟಿಯಲ್ಲಿಲ್ಲ, ಶಿಫಾರಸಿನ ಪಟ್ಟಿಯಲ್ಲಿದೆ. ಹಾಗಾಗಿ ಅದಕ್ಕಾಗಿ ಪದಾರ್ಥಗಳ ಸಾಲನ್ನೇ ಪೂರ್ತಿ ಓದಬೇಕು. ಫೋನಿನ ಕ್ಯಾಮೆರಾ ಅನುವಾದ ಈ ಕೆಲಸಕ್ಕೆ ಸಾಕು. ಅಂಗಡಿಯಲ್ಲಿ ಕೇಳುವುದಾದರೆ "ತಮಾಗೊ ಹೈತ್ತೆಮಸ್ ಕಾ" ಎಂದರೆ ಮೊಟ್ಟೆ ಇದೆಯೇ ಎಂದು. ತಮಾಗೊ ಜಾಗದಲ್ಲಿ ಯೋಶು ಎಂದರೆ ಮದ್ಯ, ಝೆರಚಿನ್ ಎಂದರೆ ಜೆಲಟಿನ್.

ಗಟ್ಟಿ ಹಲಗೆಗಳಲ್ಲಿ ಸಾಮಾನ್ಯವಾಗಿ ಈ ಮೂರೂ ಇರುವುದಿಲ್ಲ. ತೊಂದರೆ ಬರುವುದು ಬಿಸ್ಕತ್ತು, ಕೇಕು, ಮಾರ್ಷ್‌ಮೆಲೋ ಸೇರಿದಾಗ. ಹೊಕ್ಕೈದೊದ ಪ್ರಸಿದ್ಧ ಬಿಸ್ಕತ್ತು ಶಿರೊಯಿ ಕೊಯಿಬಿತೊದಲ್ಲಿ ಮೊಟ್ಟೆ ಇದೆ. ನಾಮ ಚೊಕೊದ ಹಲವು ರುಚಿಗಳಿಗೆ ಬ್ರಾಂದಿಯನ್ನೋ ಶಾಂಪೇನನ್ನೋ ಸೇರಿಸುತ್ತಾರೆ, ಬಿಳಿ ಮತ್ತು ಮಚ್ಚಾ (ಹಸಿರು ಚಹಾ ಪುಡಿ) ರುಚಿಗಳಲ್ಲೂ ಪಟ್ಟಿ ನೋಡಿಯೇ ಕೊಳ್ಳಿ. ಚಳಿಗಾಲದಲ್ಲಷ್ಟೇ ಬರುವ ಲೊಟ್ಟೆ ಕಂಪನಿಯ ರಮ್ಮಿಯಲ್ಲಿ ರಮ್ಮಿನಲ್ಲಿ ನೆನೆಸಿದ ಒಣದ್ರಾಕ್ಷಿ, ಬಕ್ಕಸ್‌ನಲ್ಲಿ ಕೊನ್ಯಾಕ್ ಇರುತ್ತದೆ. ಎರಡೂ ಮಕ್ಕಳ ಕೈಗೆ ಹೋಗಬಾರದು, ಕಾರು ಓಡಿಸುವವರೂ ತಿನ್ನಬಾರದೆಂದು ಪೊಟ್ಟಣದ ಮೇಲೇ ಬರೆದಿರುತ್ತಾರೆ.

ಅದೇ ಹಿಂಬದಿಯಲ್ಲಿ ಇನ್ನೊಂದು ಮಾಹಿತಿ ಇದೆ. ಹೆಸರು ಬರೀ ಚಾಕೊಲೇಟ್ ಎಂದಿದ್ದರೆ ಕೋಕೊ ಅಂಶ, ಕೋಕೊ ಬೆಣ್ಣೆ ಎರಡೂ ನಿಯಮದಷ್ಟಿವೆ ಎಂದರ್ಥ. ಹಾಲು ಸೇರದ ಮೂಲ ವರ್ಗದಲ್ಲಿ ಅದು ಕ್ರಮವಾಗಿ 35 ಮತ್ತು 18 ಶೇಕಡ. ಜುನ್ ಚೊಕೊರೇತೊ ಎಂದಿದ್ದರೆ 15 ಶೇಕಡ ಕೋಕೊ, 3 ಶೇಕಡ ಕೋಕೊ ಬೆಣ್ಣೆ ಇದ್ದರೂ ಸಾಕು, ಉಳಿದ ಕೊಬ್ಬು ಬೇರೆ ಎಣ್ಣೆಯದಾಗಿರಬಹುದು. ಚೊಕೊರೇತೊ ಗಾಶಿ ಎಂದರೆ ಬಿಸ್ಕತ್ತು, ಕಡಲೆಯಂಥವು ಸೇರಿ ಚಾಕೊಲೇಟಿನ ಪಾಲು 60 ಶೇಕಡಕ್ಕಿಂತ ಕಡಿಮೆ. ಗಿರಿಗೆ ಮೂರೂ ನಡೆಯುತ್ತವೆ, ಹೊನ್ಮೇಗೆ ಮೊದಲನೆಯದೇ ಇರಲಿ.

ಮಾರ್ಚ್ 14: ತಿರುಗಿ ಏನು ಕೊಡಬೇಕು

ಮೂರರಷ್ಟು ಕೊಡಬೇಕೆಂಬ ಮಾತು ಜಪಾನಿನಲ್ಲಿ ಚಾಲ್ತಿಯಲ್ಲಿದೆ. ಗಿರಿಗೆ ಅದು ಅನಗತ್ಯ, ಬಂದಷ್ಟೇ ಅಥವಾ ತುಸು ಹೆಚ್ಚು ಕೊಟ್ಟರೆ ಗೌರವ ಉಳಿಯುತ್ತದೆ. ತೀರ ಕಡಿಮೆ ಕೊಡುವುದಕ್ಕಿಂತಲೂ ಕೊಡಲು ಮರೆಯುವುದು ಕೆಟ್ಟದ್ದು. ಯಾರು ಏನು ಕೊಟ್ಟರೆಂದು ಅಂದೇ ಬರೆದಿಡಿ.

ತಿಂಡಿಯ ಜಾತಿಗೂ ಜನ ಅರ್ಥ ಹಚ್ಚಿದ್ದಾರೆ. ಕುಕಿ ಸ್ನೇಹಕ್ಕೆ, ಬಹಳ ಹೊತ್ತು ಬಾಯಲ್ಲಿ ಉಳಿಯುವ ಕ್ಯಾಂಡಿ ಪ್ರೀತಿಗೆ, ಮಕಾರೋನ್ ವಿಶೇಷವಾದವರಿಗೆ. ಬಾಯಿಗಿಟ್ಟರೆ ಕರಗಿಹೋಗುವ ಮಾರ್ಷ್‌ಮೆಲೋ ನಿರಾಕರಣೆಯ ಸೂಚನೆಯಂತೆ. ಈ ಹಬ್ಬವೇ ಶುರುವಾದ ತಿಂಡಿಗೆ ಇಂಥ ಅಪಕೀರ್ತಿ ಬಂದದ್ದು ಬೇಸರದ ಸಂಗತಿ. ಎಲ್ಲರೂ ಇದನ್ನು ನಂಬುವುದಿಲ್ಲ, ಆದರೆ ಅಂತರ್ಜಾಲದಲ್ಲಿ ಹುಡುಕಿ ನೋಡುವವರು ಇದ್ದೇ ಇರುತ್ತಾರೆ. ಆಫೀಸಿಗೆ ಬಿಡಿ ಸುತ್ತಿನ ಕುಕಿಯೇ ಸುರಕ್ಷಿತ. ತಾವೇ ಮೊಟ್ಟೆ ತಿನ್ನದವರು ರುಚಿ ನೋಡಿ ಆರಿಸಬೇಕೆಂದಿದ್ದರೆ ಕುಕಿ, ಮಕಾರೋನ್, ಪದರ ಪದರದ ಬಾಮ್‌ಕುಹೆನ್ ಕೇಕು ಯಾವುದರಲ್ಲೂ ದಾರಿ ಸುಲಭವಿಲ್ಲ. ಅಂಥವರಿಗೆ ಕ್ಯಾಂಡಿ ಅಥವಾ ಚಾಕೊಲೇಟ್ ಹಲಗೆಯೇ ಸರಿ.

ಪರೀಕ್ಷೆಯ ಕಾಲದ ಕಿಟ್‌ಕ್ಯಾಟ್

ಜನವರಿ-ಫೆಬ್ರುವರಿ ಪ್ರವೇಶ ಪರೀಕ್ಷೆಗಳ ಕಾಲ. ಕಿಟ್‌ಕ್ಯಾಟ್ ಹೆಸರು ಖಂಡಿತ ಗೆಲ್ಲುತ್ತೀಯ ಎಂಬ ಜಪಾನಿ ಮಾತಿನಂತೆ ಕೇಳುವುದರಿಂದ ಪರೀಕ್ಷೆ ಬರೆಯುವ ಮಕ್ಕಳಿಗೆ ಅದನ್ನು ಕೊಡುತ್ತಾರೆ. ಪೊಟ್ಟಣದ ಮೇಲೆ ಹಾರೈಕೆ ಬರೆಯಲು ಜಾಗ ಬಿಟ್ಟ ಮಾದರಿಗಳೂ ಇವೆ. ಇದಕ್ಕೆ ಮುಯ್ಯಿ ಇಲ್ಲ. ಪಕ್ಕದ ಮನೆಯ ಹುಡುಗನಿಗೆ ಪರೀಕ್ಷೆಗೆ ಒಂದು ವಾರ ಮೊದಲು ಕೊಡಿ. ಹಿಂದಿನ ದಿನ ಬೇಡ, ಆಗ ಆ ಮನೆಯವರೆಲ್ಲ ಆತಂಕದಲ್ಲಿರುತ್ತಾರೆ.

ಊರಿಗೆ ಒಯ್ಯಲು ಯಾವುದು

ಜಪಾನಿನ ಪೊಟ್ಟಣಗಳ ಮೇಲೆ 28 ಡಿಗ್ರಿಯೊಳಗೆ ಇಡಿ ಎಂದಿರುತ್ತದೆ. ಏಪ್ರಿಲ್‌ನ ಕಲಬುರಗಿಯಲ್ಲೋ ಮಂಗಳೂರಿನಲ್ಲೋ ಫ್ಯಾನಿನ ಕೆಳಗೂ ಅಷ್ಟು ತಂಪು ಸಿಗದು. ಒಮ್ಮೆ ಮೆತ್ತಗಾಗಿ ಮತ್ತೆ ಗಟ್ಟಿಯಾದ ಚಾಕೊಲೇಟಿನ ಮೇಲೆ ಬೂದು ಬಣ್ಣದ ಪೊರೆ ಬರುತ್ತದೆ. ಅದು ಬೂಷ್ಟಲ್ಲ, ಕೋಕೊ ಬೆಣ್ಣೆ ಮೇಲೆ ಬಂದು ಹರಳಾದದ್ದು. ತಿನ್ನಬಹುದು, ಆದರೆ ನುಣುಪು ಹೋಗಿರುತ್ತದೆ.

ಮೇ ತಿಂಗಳಿಗೆ ಬರುವವರು ನಾಮ ಚೊಕೊ ಆಸೆ ಬಿಡುವುದು ಒಳ್ಳೆಯದು. ನವೆಂಬರಿನಿಂದ ಫೆಬ್ರುವರಿಯೊಳಗೆ, ನೇರ ವಿಮಾನದಲ್ಲಿ ಬೆಂಗಳೂರಿಗೆ ಬರುವವರು ಭದ್ರತಾ ತಪಾಸಣೆ ದಾಟಿದ ಮೇಲಿನ ಅಂಗಡಿಯಲ್ಲಿ ಕೊಂಡು, ಅವರೇ ಕೊಡುವ ತಣ್ಣನೆ ಚೀಲದಲ್ಲಿ ಹಾಕಿಸಿಕೊಂಡು ಕೈಯಲ್ಲೇ ತರಬಹುದು. ನಡುವೆ ವಿಮಾನ ಬದಲಿಸುವುದಿದ್ದರೆ ಅಲ್ಲಿನ ತಪಾಸಣೆಯಲ್ಲಿ ತಂಪು ಜೆಲ್ ಪೊಟ್ಟಣವನ್ನು ತೆಗೆಸುವ ಸಾಧ್ಯತೆ ಇದೆ.

ಶಿರೊಯಿ ಕೊಯಿಬಿತೊ ಬಿಸ್ಕತ್ತುಗಳ ನಡುವೆ ಬಿಳಿ ಚಾಕೊಲೇಟ್ ಇಟ್ಟದ್ದು. ತುಸು ಮೆತ್ತಗಾದರೂ ಆಕಾರ ಕೆಡದು. ಮೊಟ್ಟೆ ತಿನ್ನುವ ಮನೆಗೆ ಇದೇ ಮೊದಲ ಆಯ್ಕೆ. ಮಿನಿ ಕಿಟ್‌ಕ್ಯಾಟ್ ಹಂಚಲು ಸುಲಭ, ಮಚ್ಚಾ ಮತ್ತು ಹೊಜಿಚಾ (ಹುರಿದ ಚಹಾ) ರುಚಿಗಳು ನಮ್ಮಲ್ಲಿ ಸುಲಭವಾಗಿ ಸಿಗದಂಥವು. ಆದರೆ ಅಜ್ಜಿ ತಾತಂದಿರಿಗೆ ಮಚ್ಚಾದ ಒಗರು ಹಿಡಿಸದೇ ಇರಬಹುದು, ಅವರಿಗೆ ಮಾಮೂಲಿ ಹಾಲಿನದೇ ತನ್ನಿ. ಊರಿಗೆ ಬಂದ ಮೇಲೆ ಫ್ರಿಜ್ಜಿನಿಂದ ತೆಗೆದ ಕೂಡಲೇ ಬಿಚ್ಚಬೇಡಿ. ಅರ್ಧ ಗಂಟೆ ಮುಚ್ಚಿದ ಹಾಗೇ ಹೊರಗಿಟ್ಟರೆ ಮೈಮೇಲೆ ನೀರು ಕಟ್ಟುವುದಿಲ್ಲ.

ಕೈಗೆ ಕೊಡುವ ರೀತಿ

ಕಾಗದದ ಚೀಲದಿಂದ ಹೊರಗೆ ತೆಗೆದು, ಎರಡೂ ಕೈಯಲ್ಲಿ ಹಿಡಿದು, ಬರಹ ಅವರ ಕಡೆಗಿರುವಂತೆ ಕೊಡಿ. "ಇತ್ಸುಮೊ ಒಸೆವಾ ನಿ ನಾತ್ತೆ ಇಮಸ್" ಎಂದರೆ ಸಾಕು, ಸದಾ ನಿಮ್ಮ ನೆರವು ಪಡೆಯುತ್ತಿದ್ದೇನೆ ಎಂಬ ಭಾವ. ಎದುರಿಗೇ ಬಿಚ್ಚಿ ನೋಡಲಿ ಎಂದು ಕಾಯಬೇಡಿ. ನಾಲ್ಕು, ಒಂಬತ್ತು ಅಶುಭ ಎನ್ನುತ್ತಾರೆ. ಅಂಗಡಿಯ ಡಬ್ಬಿಯಲ್ಲಿ ನಾಲ್ಕು ತುಂಡಿದ್ದರೆ ಯಾರೂ ಲೆಕ್ಕಿಸುವುದಿಲ್ಲ, ನೀವೇ ಎಣಿಸಿ ತುಂಬುವಾಗ ಮೂರೋ ಐದೋ ಹಾಕಿ.

ಕರ್ನಾಟಕದಿಂದ ಹೋಗುವವರು ಅಲ್ಲಿಗೆ ಚಾಕೊಲೇಟನ್ನೇ ಒಯ್ಯಬಹುದು. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಬೆಳೆದ ಕೋಕೊ, 1986ರಲ್ಲಿ ಶುರುವಾದ ಪುತ್ತೂರಿನ ಕ್ಯಾಂಪ್ಕೊ ಕಾರ್ಖಾನೆ, ಚಾಕೊಲೇಟ್ ಮಾಡುವ ಮೈಸೂರಿನ ನವಿಲುನ ಕಂಪನಿ ಇವುಗಳ ಬಗ್ಗೆ ಕೇಳಿದಾಗ ಜಪಾನಿಯರು ಕುತೂಹಲದಿಂದ ಕಿವಿಗೊಡುತ್ತಾರೆ, ಏಕೆಂದರೆ ಕಾಯಿ ಬೆಳೆದ ಊರಿಗೆ ಅವರು ಬೆಲೆ ಕೊಡುತ್ತಾರೆ. ದೊಡ್ಡ ಹಲಗೆಗಿಂತ ಬಿಡಿ ಸುತ್ತಿನ ಚಿಕ್ಕ ತುಂಡುಗಳನ್ನು ಆರಿಸಿ. ಹಾಲು, ಗೋಧಿ, ಕಡಲೆಕಾಯಿ ಇದೆಯೋ ಇಲ್ಲವೋ ಎಂದು ಒಂದು ಚೀಟಿಯಲ್ಲಿ ಜಪಾನಿ ಭಾಷೆಯಲ್ಲಿ ಬರೆಸಿ ಡಬ್ಬಿಯ ಪಕ್ಕದಲ್ಲಿಡಿ.